‘ಲೈಫ್‌ಟೈಮ್ ಡೊಮೇನ್ ಫ್ರೀ’: ವೆಬ್‌ಸೈಟ್ ಹೆಸರು ನಿಜಕ್ಕೂ ಜೀವನಪೂರ್ತಿ ನಿಮ್ಮದಾಗುತ್ತದೆಯೇ?

“ಕೇವಲ 999 ರೂಪಾಯಿಗೆ ನಿಮ್ಮ ಅಂಗಡಿಗೆ ವೆಬ್‌ಸೈಟ್! ಲೈಫ್‌ಟೈಮ್ ಡೊಮೇನ್, ಅನ್‌ಲಿಮಿಟೆಡ್ ಹೋಸ್ಟಿಂಗ್ ಉಚಿತ! ಇಂದೇ ಕೊನೆಯ ದಿನ, ಗೆಳೆಯರಿಗೂ ಕಳಿಸಿ.”

ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಈಗ ಚನ್ನಗಿರಿಯ ಅಡಿಕೆ ವ್ಯಾಪಾರಿ, ಹೊನ್ನಾಳಿಯ ಬೀಜ-ಗೊಬ್ಬರದ ಅಂಗಡಿ, ನ್ಯಾಮತಿಯ ಖಾಸಗಿ ಶಾಲೆ, ಜಗಳೂರಿನ ಈರುಳ್ಳಿ ಬೆಳೆಗಾರರ ಗುಂಪು ಎಲ್ಲರಿಗೂ ವೆಬ್‌ಸೈಟ್ ಬೇಕು ಅನ್ನಿಸುವ ಕಾಲ. ಹಾಗಾಗಿ ಇಂಥ ಸಂದೇಶಗಳಿಗೆ ಗಿರಾಕಿಗಳೂ ಇದ್ದಾರೆ. ಇದರಲ್ಲಿ ಎಷ್ಟು ನಿಜ?

ಮೊದಲೇ ಉತ್ತರ ಹೇಳಿಬಿಡೋಣ. ‘ಲೈಫ್‌ಟೈಮ್ ಡೊಮೇನ್’ ಎಂಬ ವಸ್ತುವೇ ಇಲ್ಲ. ಡಾಟ್ ಕಾಮ್ ಇರಲಿ, ಡಾಟ್ ಇನ್ ಇರಲಿ, ಒಂದು ಹೆಸರನ್ನು ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ನೋಂದಾಯಿಸಬಹುದು. ಅಷ್ಟೇ. ಆಮೇಲೆ ನವೀಕರಿಸಬೇಕು, ಅಂದರೆ ಮತ್ತೆ ದುಡ್ಡು ಕಟ್ಟಬೇಕು. ಯಾರಾದರೂ ‘ಜೀವನಪೂರ್ತಿ’ ಎಂದರೆ ಅದರ ಅರ್ಥ ಇಷ್ಟೇ: “ಪ್ರತಿ ವರ್ಷ ನಿಮ್ಮ ಪರವಾಗಿ ನಾನೇ ಕಟ್ಟುತ್ತೇನೆ, ನನ್ನನ್ನು ನಂಬಿ.” ಆ ವ್ಯಕ್ತಿ ಊರು ಬಿಟ್ಟರೆ, ಅಂಗಡಿ ಮುಚ್ಚಿದರೆ, ನಂಬರ್ ಬದಲಿಸಿದರೆ ನಿಮ್ಮ ‘ಜೀವನಪೂರ್ತಿ’ ಅಲ್ಲಿಗೆ ಮುಗಿಯಿತು. ಒಂದು ಡಾಟ್ ಕಾಮ್ ಹೆಸರಿಗೆ ಅದರ ಮೂಲ ನಿರ್ವಾಹಕ ಕಂಪನಿಯಾದ ವೆರಿಸೈನ್ 2024ರ ಸೆಪ್ಟೆಂಬರ್‌ನಿಂದ ಪಡೆಯುತ್ತಿರುವ ಸಗಟು ದರವೇ ವರ್ಷಕ್ಕೆ 10.26 ಡಾಲರ್. ಪ್ರತಿ ವರ್ಷ ಅಷ್ಟು ಕಟ್ಟಬೇಕಾದ್ದನ್ನು 999 ರೂಪಾಯಿಗೆ ಜೀವಮಾನವಿಡೀ ಕೊಡುವವರು ಎಲ್ಲಿಂದ ಕೊಡುತ್ತಾರೆ, ಲೆಕ್ಕ ಹಾಕಿ ನೋಡಿ.

ದುಡ್ಡಿನ ಲೆಕ್ಕಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯದಿದೆ: ಆ ಹೆಸರು ಯಾರ ಹೆಸರಲ್ಲಿ ನೋಂದಣಿಯಾಗಿದೆ?

ಪಹಣಿ ಓದಲು ಬರುತ್ತದೆಯೇ? ಹಾಗಾದರೆ ಇದೂ ಅರ್ಥವಾಗುತ್ತದೆ

ವೆಬ್‌ಸೈಟ್ ಎಂದು ನಾವು ಒಂದೇ ಮಾತಲ್ಲಿ ಕರೆಯುವುದು ನಿಜದಲ್ಲಿ ಮೂರು ಬೇರೆ ಬೇರೆ ವಸ್ತು. ಒಂದು, ಹೆಸರು. ಇದೇ ಡೊಮೇನ್. ಎರಡು, ಪುಟಗಳನ್ನೂ ಫೋಟೊಗಳನ್ನೂ ಇಡುವ ಜಾಗ. ಸದಾ ಚಾಲೂ ಇರುವ ಒಂದು ಕಂಪ್ಯೂಟರ್‌ನಲ್ಲಿ ನಿಮಗೆ ಸಿಗುವ ಪಾಲು ಅದು, ಹೋಸ್ಟಿಂಗ್ ಎನ್ನುತ್ತಾರೆ. ಮೂರು, ಆ ಪುಟಗಳೇ. ಮೂರನ್ನೂ ಒಬ್ಬರೇ ಮಾಡಿಕೊಟ್ಟಿರಬಹುದು, ಒಂದೇ ಬಿಲ್ ಬಂದಿರಬಹುದು, ಆದರೂ ಮೂರರ ಹಕ್ಕೂ ಬೇರೆ ಬೇರೆ.

ನಮ್ಮ ಕಡೆ ಜಮೀನಿದ್ದವರಿಗೆ ಪಹಣಿ ಗೊತ್ತೇ ಇರುತ್ತದೆ. ಕಾಲಂ 9ರಲ್ಲಿ ಮಾಲೀಕರ ಹೆಸರು, ಕಾಲಂ 12ರಲ್ಲಿ ಸಾಗುವಳಿ ಮಾಡುವವರ ವಿವರ. ಹೊಲ ಉಳುವವರು ವರ್ಷ ವರ್ಷ ಬದಲಾಗಬಹುದು, ಕಾಲಂ 9 ನಿಮ್ಮದಾಗಿದ್ದರೆ ಚಿಂತೆಯಿಲ್ಲ. ಡೊಮೇನ್‌ಗೂ ಹೀಗೇ ಒಂದು ಕಾಲಂ 9 ಇದೆ. ಅದನ್ನು ‘ರಿಜಿಸ್ಟ್ರಂಟ್’ ಎನ್ನುತ್ತಾರೆ. ವೆಬ್‌ಸೈಟ್ ಮಾಡಿಕೊಡುವ ಹುಡುಗ, ಹೋಸ್ಟಿಂಗ್ ಕೊಡುವ ಕಂಪನಿ, ಫೋಟೊ ಹಾಕುವವರು ಇವರೆಲ್ಲ ಕಾಲಂ 12ರವರು. ತೊಂದರೆ ಶುರುವಾಗುವುದು ಕಾಲಂ 12ರಲ್ಲಿ ಇರಬೇಕಾದವರು ಸದ್ದಿಲ್ಲದೆ ಕಾಲಂ 9ರಲ್ಲಿ ಕೂತಾಗ. ಬಹಳ ಸಲ ಇದರಲ್ಲಿ ಮೋಸದ ಉದ್ದೇಶವೇನೂ ಇರುವುದಿಲ್ಲ. ನಿಮ್ಮಲ್ಲಿ ಇಮೇಲ್ ಇರಲಿಲ್ಲ, ಅವರು ತಮ್ಮದನ್ನೇ ಹಾಕಿದರು, ತಮ್ಮ ಕಾರ್ಡಿನಿಂದಲೇ ಕಟ್ಟಿದರು. ಅಲ್ಲಿಗೆ ದಾಖಲೆಯಲ್ಲಿ ಮಾಲೀಕರು ಅವರೇ.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಜಮೀನಿನ ಕಂದಾಯ ಒಂದು ವರ್ಷ ಬಾಕಿಯಾದ ಮಾತ್ರಕ್ಕೆ ಮರುದಿನ ಬೇರೆಯವರಿಗೆ ಖಾತೆ ಆಗುವುದಿಲ್ಲ. ಡೊಮೇನ್ ಹಾಗಲ್ಲ. ಅದು ಬಾಡಿಗೆಯ ಮಳಿಗೆ ಇದ್ದ ಹಾಗೆ. ಕಂತು ತಪ್ಪಿದರೆ ಹೋಗೇ ಹೋಗುತ್ತದೆ, ಹೋದದ್ದನ್ನು ಮೊದಲು ಬಂದವರು ಹಿಡಿಯುತ್ತಾರೆ.

ಈ ಬಾಡಿಗೆ ಯಾರ ಕೈಗೆ ಹೋಗುತ್ತದೆ? ಎಲ್ಲಕ್ಕಿಂತ ಮೇಲೆ 1998ರಲ್ಲಿ ಶುರುವಾದ ಐಕ್ಯಾನ್ ಎಂಬ ಸಂಸ್ಥೆ ಇದೆ. ಅದರ ಕೆಳಗೆ ಒಂದೊಂದು ಬಾಲಕ್ಕೆ ಒಂದೊಂದು ‘ರಿಜಿಸ್ಟ್ರಿ’. ಡಾಟ್ ಕಾಮ್‌ಗೆ ವೆರಿಸೈನ್. ನಮ್ಮ ದೇಶದ ಡಾಟ್ ಇನ್‌ಗೆ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ರಿಜಿಸ್ಟ್ರಿಯ ಕೆಳಗೆ ಗಿರಾಕಿಗಳಿಗೆ ಮಾರುವ ಕಂಪನಿಗಳು, ಅವೇ ರಿಜಿಸ್ಟ್ರಾರ್‌ಗಳು. ಅವರ ಕೆಳಗೆ ಕಮಿಷನ್‌ಗೆ ಮಾರುವ ರೀಸೆಲ್ಲರ್‌ಗಳು. ನಿಮ್ಮೂರಿನ ಕಂಪ್ಯೂಟರ್ ಸೆಂಟರ್‌ನವರು ಸಾಮಾನ್ಯವಾಗಿ ರೀಸೆಲ್ಲರ್, ಇಲ್ಲವೇ ನಿಮ್ಮ ಹಾಗೇ ಒಬ್ಬ ಗಿರಾಕಿ. ಸಮಸ್ಯೆ ಬಂದಾಗ ಮಾತಾಡಬೇಕಾದ್ದು ರಿಜಿಸ್ಟ್ರಾರ್ ಹತ್ತಿರ. ಆ ಕಂಪನಿ ಯಾವುದು ಎಂಬುದೇ ವೆಬ್‌ಸೈಟ್ ಇಟ್ಟುಕೊಂಡ ಅನೇಕರಿಗೆ ಗೊತ್ತಿರುವುದಿಲ್ಲ.

ಗಡುವು ಮೀರಿದ ಮೇಲೆ ಏನಾಗುತ್ತದೆ

ಡಾಟ್ ಕಾಮ್ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಐಕ್ಯಾನ್ ನಿಯಮದ ಪ್ರಕಾರ ರಿಜಿಸ್ಟ್ರಾರ್ ಗಡುವಿಗೆ ಸುಮಾರು ಒಂದು ತಿಂಗಳು ಮುಂಚೆ ಒಂದು, ಒಂದು ವಾರ ಮುಂಚೆ ಇನ್ನೊಂದು, ಗಡುವು ಮೀರಿದ ಐದು ದಿನದೊಳಗೆ ಮತ್ತೊಂದು ನೆನಪೋಲೆ ಕಳಿಸಲೇಬೇಕು. ಈ ನೆನಪೋಲೆ ದಾಖಲೆಯಲ್ಲಿರುವ ಇಮೇಲ್‌ಗೆ ಹೋಗುತ್ತದೆ. ಆ ಇಮೇಲ್ ಯಾರದ್ದು? ಕಾಲಂ 9ರ ಪ್ರಶ್ನೆ ಮತ್ತೆ ಬಂತು ನೋಡಿ.

ಗಡುವು ಮೀರಿದ ಮೇಲೆ ಕೆಲವು ದಿನ ಮಾಮೂಲಿ ದರದಲ್ಲೇ ನವೀಕರಿಸುವ ಅವಕಾಶವನ್ನು ಹೆಚ್ಚಿನ ಕಂಪನಿಗಳು ಕೊಡುತ್ತವೆ. ಎಷ್ಟು ದಿನ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಈ ಅವಧಿಯಲ್ಲಿ ವೆಬ್‌ಸೈಟ್ ನಿಂತಿರುತ್ತದೆ, ಇಮೇಲ್ ನಿಂತಿರುತ್ತದೆ. ಕೆಲವು ಕಂಪನಿಗಳು ಇದೇ ಹೊತ್ತಿನಲ್ಲಿ ಹೆಸರನ್ನು ಹರಾಜಿಗೂ ಇಡುತ್ತವೆ. ಆಮೇಲೆ 30 ದಿನಗಳ ‘ರಿಡೆಂಪ್ಶನ್’ ಅವಧಿ ಬರುತ್ತದೆ. ಆಗಲೂ ನಿಮ್ಮದನ್ನು ಬಿಡಿಸಿಕೊಳ್ಳಬಹುದು, ಆದರೆ ದಂಡ ಮಾಮೂಲಿ ದರದ ಹಲವು ಪಟ್ಟು. ಅದೂ ದಾಟಿದರೆ ಇನ್ನು ಐದು ದಿನ. ಆ ಐದು ದಿನ ಯಾರೂ ಏನೂ ಮಾಡುವಂತಿಲ್ಲ. ನಂತರ ಹೆಸರು ಮತ್ತೆ ಬಯಲಿಗೆ ಬೀಳುತ್ತದೆ. ಹೀಗೆ ಬೀಳುವ ಹೆಸರುಗಳನ್ನು ಹಿಡಿಯಲೆಂದೇ ಹಗಲೂ ರಾತ್ರಿ ಕಾದು ಕೂತ ಸಾಫ್ಟ್‌ವೇರ್‌ಗಳಿವೆ, ಮನುಷ್ಯರ ಬೆರಳು ಅವುಗಳ ವೇಗಕ್ಕೆ ಸಾಲದು.

“ದೊಡ್ಡವರಿಗೆ ಹೀಗೆಲ್ಲ ಆಗುವುದಿಲ್ಲ” ಎಂದುಕೊಳ್ಳಬೇಡಿ. 1999ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಹಿಂದಿನ ದಿನ, ಹಾಟ್‌ಮೇಲ್‌ಗೆ ಲಾಗಿನ್ ಆಗಲು ಜನರಿಗೆ ಆಗಲಿಲ್ಲ. ಲಾಗಿನ್‌ಗೆ ಬಳಕೆಯಾಗುತ್ತಿದ್ದ ‘ಪಾಸ್‌ಪೋರ್ಟ್ ಡಾಟ್ ಕಾಮ್’ ಹೆಸರಿನ 35 ಡಾಲರ್ ಶುಲ್ಕವನ್ನು ಮೈಕ್ರೋಸಾಫ್ಟ್ ಕಟ್ಟಿರಲಿಲ್ಲ! ಮೈಕೆಲ್ ಚೇನಿ ಎಂಬ ಅಮೆರಿಕದ ಪ್ರೋಗ್ರಾಮರ್ ಕಾರಣ ಊಹಿಸಿ ತಮ್ಮ ಕ್ರೆಡಿಟ್ ಕಾರ್ಡಿನಿಂದಲೇ ಕಟ್ಟಿದರು, ಸೇವೆ ಮತ್ತೆ ಶುರುವಾಯಿತು. ಇನ್ನೊಂದು ಪ್ರಕರಣ ನಮ್ಮ ದೇಶದವರದ್ದೇ. ಮೂಲತಃ ಗುಜರಾತಿನ ಕಛ್‌ನವರಾದ ಸನ್ಮಯ್ ವೇದ್, 2015ರ ಸೆಪ್ಟೆಂಬರ್‌ನಲ್ಲಿ ಗೂಗಲ್‌ನ ಡೊಮೇನ್ ಮಾರುವ ಸೇವೆಯಲ್ಲಿ ಸುಮ್ಮನೆ ಹುಡುಕುತ್ತಿದ್ದಾಗ ‘ಗೂಗಲ್ ಡಾಟ್ ಕಾಮ್’ ಮಾರಾಟಕ್ಕಿದೆ ಎಂದು ತೋರಿಸಿತು. 12 ಡಾಲರ್ ಕೊಟ್ಟರು, ಖರೀದಿ ಆಗಿಯೇ ಹೋಯಿತು! ಸುಮಾರು ಒಂದು ನಿಮಿಷದ ಮಟ್ಟಿಗೆ ಅವರ ಕೈಯಲ್ಲಿತ್ತು, ಆಮೇಲೆ ಗೂಗಲ್ ಖರೀದಿಯನ್ನು ರದ್ದು ಮಾಡಿತು. ಇದು ನವೀಕರಣ ಮರೆತ ಪ್ರಕರಣವಲ್ಲ, ವ್ಯವಸ್ಥೆಯ ಲೋಪ. ಲೋಪ ತೋರಿಸಿದ್ದಕ್ಕೆ ಕಂಪನಿ ಅವರಿಗೆ 6,006.13 ಡಾಲರ್ ಬಹುಮಾನ ಕೊಟ್ಟಿತು. ಆ ಅಂಕಿಗಳನ್ನು ಕಣ್ಣು ಕಿರಿದು ಮಾಡಿ ನೋಡಿದರೆ ಇಂಗ್ಲಿಷಿನ ‘ಗೂಗಲ್’ ಅಕ್ಷರಗಳ ಹಾಗೆ ಕಾಣುತ್ತವಂತೆ. ಅವರು ಹಣವನ್ನು ದಾನ ಮಾಡುತ್ತೇನೆಂದಾಗ ಅದನ್ನು ಇಮ್ಮಡಿ ಮಾಡಿತು.

ನಮ್ಮೂರಿನ ಅಂಗಡಿಯ ಹೆಸರು ಬಿದ್ದರೆ ಯಾವ ಒಳ್ಳೆಯ ಪ್ರೋಗ್ರಾಮರೂ ಬಂದು ದುಡ್ಡು ಕಟ್ಟುವುದಿಲ್ಲ. ಹಾಗೆ ಬಿದ್ದ ಹೆಸರನ್ನು ಕೊಳ್ಳುವವರಿಗೆ ನಿಮ್ಮ ವ್ಯಾಪಾರ ಬೇಕಿಲ್ಲ, ನೀವು ವರ್ಷಗಟ್ಟಲೆ ಗಳಿಸಿದ ನಂಬಿಕೆ ಬೇಕು. ಹಳೆಯ ಲಿಂಕ್‌ಗಳು ಎಲ್ಲೆಲ್ಲಿವೆ ಯೋಚಿಸಿ. ಬಿಲ್ ಪುಸ್ತಕದ ಮೇಲೆ, ಗೋಡೆ ಬರಹದಲ್ಲಿ, ಗೂಡ್ಸ್ ಆಟೊ ಹಿಂದೆ, ಮೂರು ವರ್ಷದ ಹಿಂದೆ ಯಾರೋ ಗ್ರೂಪ್‌ಗೆ ಹಾಕಿದ ಸಂದೇಶದಲ್ಲಿ. ಅಡಿಕೆ ದರ ನೋಡಲು ರೈತರು ಒತ್ತುತ್ತಿದ್ದ ಲಿಂಕು ಒಂದು ಬೆಳಿಗ್ಗೆ ಜೂಜಿನ ಪುಟ ತೆರೆಯಬಹುದು. ಶಾಲೆಯ ಹೆಸರಿನ ಲಿಂಕು ಮಕ್ಕಳ ಫೋನಿನಲ್ಲಿ ನೋಡಬಾರದ್ದನ್ನು ತೆರೆಯಬಹುದು. ಫಾರ್ವರ್ಡ್ ಮಾಡುವವರು ಇದನ್ನು ಗಮನಿಸಬೇಕು: ಕಳಿಸಿದ ದಿನ ಸರಿಯಿದ್ದ ಲಿಂಕು ಇವತ್ತೂ ಸರಿಯಿದೆ ಎಂಬ ಖಾತ್ರಿ ಇಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. ನಿಮ್ಮ ಡೊಮೇನಿನ ಹೆಸರಲ್ಲೇ ಇಮೇಲ್ ಇಟ್ಟುಕೊಂಡಿದ್ದರೆ, ಹೊಸ ಮಾಲೀಕರು ಅದೇ ವಿಳಾಸವನ್ನು ಮತ್ತೆ ಸೃಷ್ಟಿಸಿ ನಿಮಗೆ ಬರುವ ಪತ್ರಗಳನ್ನೆಲ್ಲ ಪಡೆಯಬಹುದು. ಆ ಇಮೇಲ್ ಕೊಟ್ಟು ತೆರೆದ ಫೇಸ್‌ಬುಕ್ ಪುಟ, ಯೂಟ್ಯೂಬ್ ಚಾನೆಲ್, ಆನ್‌ಲೈನ್ ಖಾತೆ ಯಾವುದಕ್ಕೂ ‘ಪಾಸ್‌ವರ್ಡ್ ಮರೆತೆ’ ಎಂದು ಒತ್ತಿದರೆ ಸಾಕು. ಹಾಗಾಗಿ ಡೊಮೇನ್ ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನಿನದ್ದಾಗಿರಬಾರದು. ಮಾಲೀಕರ ಸ್ವಂತ, ಬೇರೆ ಇಮೇಲ್ ಇರಲಿ.

ನಿಮ್ಮದು ಯಾರ ಕೈಯಲ್ಲಿದೆ, ಈಗಲೇ ನೋಡಿ

ಇದಕ್ಕೆ ಎರಡು ನಿಮಿಷ ಸಾಕು. ‘ಹೂಈಸ್’ ಎಂಬ ಸಾರ್ವಜನಿಕ ಹುಡುಕಾಟ ಇದೆ. ಮೊಬೈಲ್ ಬ್ರೌಸರ್‌ನಲ್ಲಿ ‘ಹೂಈಸ್ ಲುಕಪ್’ ಎಂದು ಹುಡುಕಿ, ಸಿಕ್ಕ ಪುಟದಲ್ಲಿ ನಿಮ್ಮ ಡೊಮೇನ್ ಹೆಸರು ಹಾಕಿ. ನೋಂದಣಿಯಾದ ದಿನ, ಗಡುವಿನ ದಿನ, ರಿಜಿಸ್ಟ್ರಾರ್ ಕಂಪನಿ ಯಾವುದು ಎಂಬುದು ಕಾಣುತ್ತದೆ. ಮಾಲೀಕರ ಹೆಸರು ಈಚೆಗೆ ಹೆಚ್ಚಾಗಿ ಮುಚ್ಚಿರುತ್ತದೆ. 2018ರಲ್ಲಿ ಯುರೋಪಿನ ಖಾಸಗಿ ಮಾಹಿತಿ ಕಾನೂನು ಬಂದ ಮೇಲಿನ ಬದಲಾವಣೆ ಇದು. ಅದು ಕಾಣದಿದ್ದರೆ ವೆಬ್‌ಸೈಟ್ ಮಾಡಿಕೊಟ್ಟವರನ್ನೇ ಕೇಳಿ.

ಕೇಳುವುದು ಹೇಗೆ? ಜಗಳ ಬೇಡ. “ತಮ್ಮಾ, ನಮ್ಮ ಡೊಮೇನ್ ಖಾತೆಯ ಲಾಗಿನ್ ನನ್ನ ಇಮೇಲ್‌ಗೂ ನನ್ನ ಮೊಬೈಲ್‌ಗೂ ಮಾಡಿಕೊಡಪ್ಪ, ಕೆಲಸ ನೀನೇ ಮುಂದುವರಿಸು” ಎಂದರೆ ಆಯಿತು. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಅವರು ಒಪ್ಪಿದರೆ ಎರಡು ದಾರಿ. ಅದೇ ಕಂಪನಿಯಲ್ಲಿ ನಿಮ್ಮ ಹೆಸರಿನ ಖಾತೆ ತೆರೆದು ಡೊಮೇನನ್ನು ಅಲ್ಲಿಗೆ ಸರಿಸುವುದು ಸುಲಭದ್ದು. ಇನ್ನೊಂದು, ಬೇರೆ ಕಂಪನಿಗೆ ವರ್ಗಾಯಿಸುವುದು. ಅದಕ್ಕೆ ‘ಆಥ್ ಕೋಡ್’ ಎಂಬ ಗುಪ್ತ ಸಂಕೇತ ಬೇಕು. ಡಾಟ್ ಕಾಮ್‌ನಂಥ ಹೆಸರುಗಳಲ್ಲಿ ಮಾಲೀಕರು ಕೇಳಿದ ಐದು ದಿನದೊಳಗೆ ರಿಜಿಸ್ಟ್ರಾರ್ ಅದನ್ನು ಕೊಡಬೇಕು. ಆದರೆ ಹೊಸದಾಗಿ ನೋಂದಾಯಿಸಿದ ಮೊದಲ 60 ದಿನ ವರ್ಗಾವಣೆ ಆಗುವುದಿಲ್ಲ. ಆ ಕೋಡ್ ಒಟಿಪಿ ಇದ್ದ ಹಾಗೆ, ಯಾರೋ ಫೋನ್ ಮಾಡಿ ಕೇಳಿದರೆಂದು ಹೇಳಬಾರದು.

ದೇವಸ್ಥಾನ ಸಮಿತಿ, ಸಹಕಾರ ಸಂಘ, ಹಳೆಯ ವಿದ್ಯಾರ್ಥಿಗಳ ಸಂಘ ಇಂಥವುಗಳಲ್ಲಿ ಇದು ಇನ್ನೂ ಸೂಕ್ಷ್ಮ. ಕಾರ್ಯದರ್ಶಿ ಬದಲಾದಾಗ ಲೆಡ್ಜರ್, ಸೀಲು, ಬೀಗದ ಕೈ ಹಸ್ತಾಂತರವಾಗುತ್ತದೆ. ಡೊಮೇನ್ ಪಾಸ್‌ವರ್ಡ್ ಮಾತ್ರ ಹಳೆಯ ಕಾರ್ಯದರ್ಶಿಯ ಮಗನ ಫೋನಿನಲ್ಲೇ ಉಳಿಯುತ್ತದೆ. ಸಂಘದ ಹೆಸರಿನ ಒಂದು ಇಮೇಲ್ ಮಾಡಿ, ಇಬ್ಬರು ಪದಾಧಿಕಾರಿಗಳ ಬಳಿ ಅದರ ಲಾಗಿನ್ ಇರಲಿ. ಗಡುವಿನ ದಿನವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ತೀರಾ ಹಳೆಯ ಕಾಲದ ಉಪಾಯ ಅನ್ನಿಸಬಹುದು, ಆದರೆ ಕೆಲಸ ಮಾಡುತ್ತದೆ. ‘ಆಟೊ ರಿನ್ಯೂವಲ್’ ಹಾಕಿದ್ದೇವಲ್ಲ ಎನ್ನುವವರೂ ಇದ್ದಾರೆ. ಕಾರ್ಡಿನ ಅವಧಿ ಮುಗಿದಿದ್ದರೆ ಆಟೊ ರಿನ್ಯೂವಲ್ ಏನು ಮಾಡೀತು?

ನ್ಯಾಮತಿಗೆ ಇಂಗ್ಲಿಷಿನಲ್ಲಿ ಎಷ್ಟು ಸ್ಪೆಲ್ಲಿಂಗ್?

ಹೊಸದಾಗಿ ಹೆಸರು ತೆಗೆದುಕೊಳ್ಳುವವರಿಗೆ ನಮ್ಮ ಭಾಗದಲ್ಲಿ ಒಂದು ವಿಶೇಷ ತಲೆನೋವಿದೆ. ನ್ಯಾಮತಿಯ ‘ತಿ’ಗೆ ಇಂಗ್ಲಿಷಿನಲ್ಲಿ ‘ಎಚ್’ ಸೇರಿಸಿ ಬರೆಯುವವರುಂಟು, ಬಿಡುವವರುಂಟು. ಜಗಳೂರಿಗೆ ಕೊನೆಯಲ್ಲಿ ‘ಯು’ ಇರಬೇಕೇ ಬೇಡವೇ? ಚನ್ನಗಿರಿಯ ಮೊದಲ ಸ್ವರ ‘ಎ’ಯೋ ‘ಇ’ಯೋ? ದಾವಣಗೆರೆಗೂ ಎರಡು ಸ್ಪೆಲ್ಲಿಂಗ್ ಓಡಾಡುತ್ತವೆ. ಗಿರಾಕಿ ಕಿವಿಯಲ್ಲಿ ಕೇಳಿ ಬೆರಳಲ್ಲಿ ಟೈಪ್ ಮಾಡುತ್ತಾರೆ. ಒಂದು ಅಕ್ಷರ ತಪ್ಪಿದರೆ ಬೇರೆಯದೇ ಜಾಗಕ್ಕೆ ಹೋಗುತ್ತಾರೆ, ಆ ತಪ್ಪು ಸ್ಪೆಲ್ಲಿಂಗನ್ನು ಬೇಕೆಂದೇ ಕೊಂಡು ಕೂತವರೂ ಇರುತ್ತಾರೆ. ಊರಿನ ಹೆಸರು ಸೇರಿಸುವುದಾದರೆ ಎರಡೂ ಸ್ಪೆಲ್ಲಿಂಗ್ ಕೊಂಡು ಒಂದನ್ನು ಇನ್ನೊಂದಕ್ಕೆ ತಿರುಗಿಸುವುದು ಒಳ್ಳೆಯದು. ಎಲ್ಲ ವ್ಯವಹಾರಕ್ಕೂ ಇದು ಬೇಕಿಲ್ಲ, ದುಡ್ಡು ಪಾವತಿಯಾಗುವ ಸೈಟ್‌ಗಳಿಗೆ ಬೇಕು.

ಜಿಲ್ಲೆಯ ಹೆಸರು ಸೇರಿಸುವ ಮುಂಚೆ ಇನ್ನೂ ಯೋಚಿಸಿ. ಚನ್ನಗಿರಿ, ಹೊನ್ನಾಳಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಮೊನ್ನೆಮೊನ್ನೆಯವರೆಗೆ ಹೊನ್ನಾಳಿ ತಾಲ್ಲೂಕಿನ ಭಾಗ, 2017ರ ಬಜೆಟ್‌ನಲ್ಲಿ ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಪಕ್ಕದ ಹರಪನಹಳ್ಳಿಯಂತೂ ದಾವಣಗೆರೆಯಿಂದ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ ಹೋಯಿತು. ನಕ್ಷೆ ಬದಲಾದಾಗ ಅಂಗಡಿ ಬೋರ್ಡನ್ನು ಒಂದೇ ದಿನದಲ್ಲಿ ಬದಲಿಸಬಹುದು. ಹತ್ತು ವರ್ಷ ಹರಡಿದ ಲಿಂಕುಗಳನ್ನು ಬದಲಿಸಲಾಗದು.

ಕನ್ನಡ ಅಕ್ಷರದಲ್ಲೇ ಡೊಮೇನ್ ಸಿಗುತ್ತದೆಯೇ? ಸಿಗುತ್ತದೆ. ನಿಕ್ಸಿಯ ಅಡಿಯಲ್ಲಿ ‘ಡಾಟ್ ಭಾರತ’ ಎಂಬ ಬಾಲ ಕನ್ನಡ ಲಿಪಿಯಲ್ಲೂ ಇದೆ. ಸ್ಪೆಲ್ಲಿಂಗ್ ಗೊಂದಲಕ್ಕೆ ಇದಕ್ಕಿಂತ ಚಂದದ ಪರಿಹಾರವಿಲ್ಲ, ನ್ಯಾಮತಿ ಎಂದರೆ ನ್ಯಾಮತಿಯೇ. ಒಳಗೆ ಕಂಪ್ಯೂಟರ್‌ಗಳು ಅದನ್ನು ‘ಎಕ್ಸ್‌ಎನ್’ ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಓದುತ್ತವೆ. ಕೆಲವೊಮ್ಮೆ ಫೋನಿನಲ್ಲಿ ಆ ವಿಚಿತ್ರ ಸಾಲೇ ಕಾಣಿಸಿಕೊಳ್ಳುತ್ತದೆ, ಜನ ವೈರಸ್ ಎಂದು ಹೆದರುತ್ತಾರೆ. ಕೆಲವು ಆ್ಯಪ್‌ಗಳು ಕನ್ನಡ ವಿಳಾಸವನ್ನು ಲಿಂಕ್ ಎಂದೇ ಗುರುತಿಸುವುದಿಲ್ಲ. ಆದ್ದರಿಂದ ಸದ್ಯಕ್ಕೆ ಕನ್ನಡದ್ದು ಮತ್ತು ಇಂಗ್ಲಿಷಿನದ್ದು ಎರಡೂ ಇಟ್ಟುಕೊಳ್ಳುವುದು ಜಾಣತನ.

ನಿಮಗೆ ಬೇಕಾದ ಹೆಸರನ್ನು ಬೇರೆಯವರು ಮೊದಲೇ ತೆಗೆದುಕೊಂಡಿದ್ದರೆ? ಮೊದಲು ಬಂದವರಿಗೇ ಮಣೆ ಎಂಬುದು ಇಲ್ಲಿನ ನಿಯಮ. ದೆಹಲಿಯ ಒಬ್ಬ ಆ್ಯಪ್ ಡೆವಲಪರ್ 2023ರಲ್ಲೇ ‘ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್’ ಕೊಂಡಿಟ್ಟು, 2024ರಲ್ಲಿ ರಿಲಯನ್ಸ್‌ನಿಂದ ತನ್ನ ಕೇಂಬ್ರಿಡ್ಜ್ ಓದಿನ ಖರ್ಚು ಕೇಳಿದ್ದು ದೊಡ್ಡ ಸುದ್ದಿಯಾಗಿತ್ತು. ನಿಮ್ಮ ಟ್ರೇಡ್‌ಮಾರ್ಕನ್ನು ಯಾರೋ ಕೆಟ್ಟ ಉದ್ದೇಶದಿಂದ ಡಾಟ್ ಇನ್‌ನಲ್ಲಿ ಹಿಡಿದಿಟ್ಟಿದ್ದರೆ ನಿಕ್ಸಿಯ ಐಎನ್‌ಡಿಆರ್‌ಪಿ ಎಂಬ ಮಧ್ಯಸ್ಥಿಕೆ ವ್ಯವಸ್ಥೆ ಇದೆ. ಸಣ್ಣ ಅಂಗಡಿಗೆ ಅದು ದುಬಾರಿ ದಾರಿ. ಬೇರೆ ಹೆಸರು ಹುಡುಕುವುದೇ ಅಗ್ಗ.

‘ಅನ್‌ಲಿಮಿಟೆಡ್’ ಮತ್ತು ‘ಫ್ರೀ’

ಹೋಸ್ಟಿಂಗ್‌ನಲ್ಲಿ ಅನ್‌ಲಿಮಿಟೆಡ್ ಎಂಬುದು ಊಟದ ಹೋಟೆಲಿನ ‘ಫುಲ್ ಮೀಲ್ಸ್’ ಇದ್ದ ಹಾಗೆ, ನಿಮಗೆ ಇಷ್ಟೇ ಹಿಡಿಸುತ್ತದೆ ಎಂಬ ಲೆಕ್ಕದ ಮೇಲೆ ನಡೆಯುತ್ತದೆ. ಒಂದೇ ಕಂಪ್ಯೂಟರಿನಲ್ಲಿ ನೂರಾರು ಸೈಟ್‌ಗಳು ಜಾಗ ಹಂಚಿಕೊಂಡಿರುತ್ತವೆ. ಷರತ್ತುಗಳ ಸಣ್ಣ ಅಕ್ಷರದಲ್ಲಿ ಫೈಲುಗಳ ಸಂಖ್ಯೆಗೆ, ಪ್ರೊಸೆಸರ್ ಬಳಕೆಗೆ ಮಿತಿ ಇದ್ದೇ ಇರುತ್ತದೆ. ಮೊದಲ ವರ್ಷದ ದರ ನೋಡಿ ಮರುಳಾಗಬೇಡಿ, ನವೀಕರಣದ ದರ ಕೇಳಿ. ಅಲ್ಲಿ ದರ ಎರಡು ಮೂರು ಪಟ್ಟು ಏರುವುದು ಈ ವ್ಯಾಪಾರದಲ್ಲಿ ಮಾಮೂಲು.

ಹಾಗಾದರೆ ಉಚಿತವಾಗಿ ಸಿಗುವುದರಲ್ಲೇ ಇರಬಹುದಲ್ಲ? ಆರಂಭಕ್ಕೆ ಇರಬಹುದು. ಆದರೆ ನೋಡಿ, ಅಂಗಡಿಗಳಿಗೆ ಗೂಗಲ್ ಮ್ಯಾಪ್ ಜೊತೆಗೆ ‘ಬಿಸಿನೆಸ್ ಡಾಟ್ ಸೈಟ್’ ಎಂಬ ಬಾಲದ ಉಚಿತ ವೆಬ್‌ಸೈಟ್ ಸಿಗುತ್ತಿತ್ತು. 2024ರ ಮಾರ್ಚ್‌ನಲ್ಲಿ ಗೂಗಲ್ ಅವನ್ನು ನಿಲ್ಲಿಸಿತು, ಹಳೆಯ ಲಿಂಕ್‌ಗಳು ಮ್ಯಾಪಿನ ಪುಟಕ್ಕೆ ತಿರುಗುವುದೂ ಅದೇ ವರ್ಷದ ಜೂನ್‌ಗೆ ನಿಂತಿತು. ಆ ವಿಳಾಸವನ್ನು ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದವರಿಗೆ ಕಾರ್ಡಷ್ಟೇ ಉಳಿಯಿತು. ಸ್ವಂತ ಹೆಸರಿದ್ದವರಿಗೆ ಈ ಕಷ್ಟವಿಲ್ಲ. ಹೋಸ್ಟಿಂಗ್ ಕಂಪನಿ ಬಾಗಿಲು ಹಾಕಿದರೂ ಹೆಸರನ್ನು ಹೊಸ ಜಾಗಕ್ಕೆ ತಿರುಗಿಸಬಹುದು. ಫೋನಿನಲ್ಲಿ ‘ಅಣ್ಣ’ ಎಂದು ಸೇವ್ ಮಾಡಿದ್ದರೆ ಅಣ್ಣನ ನಂಬರ್ ಬದಲಾದರೂ ಹೆಸರು ಅದೇ ಇರುತ್ತದಲ್ಲ, ಹಾಗೆ. ಹೆಸರಿಗೆ ಯಾವ ನಂಬರ್ ಎಂದು ಹೇಳುವ ಆ ಪಟ್ಟಿಯೇ ಡಿಎನ್‌ಎಸ್. ಹಳೆಯ ನಂಬರನ್ನು ಇಂಟರ್‌ನೆಟ್ ಕಂಪನಿಗಳು ಕೆಲವು ಗಂಟೆ ನೆನಪಿಟ್ಟುಕೊಳ್ಳುವುದರಿಂದ ಬದಲಾವಣೆ ಎಲ್ಲರಿಗೂ ಒಟ್ಟಿಗೆ ಕಾಣುವುದಿಲ್ಲ, ಗಾಬರಿ ಬೇಡ.

ಪುಟಗಳ ನಕಲು ಸ್ವಂತದ್ದಾಗಿ ಇಟ್ಟುಕೊಳ್ಳಿ. ಹೋಸ್ಟಿಂಗ್ ಕಂಪನಿಯೇ ಬ್ಯಾಕಪ್ ತೆಗೆದರೂ ಅದು ಅದೇ ಮನೆಯೊಳಗಿನ ಇನ್ನೊಂದು ಬೀರುವಿನಲ್ಲಿಟ್ಟಂತೆ. ತಿಂಗಳಿಗೊಮ್ಮೆ ನಿಮ್ಮ ಕಂಪ್ಯೂಟರಿಗೋ ಪೆನ್‌ಡ್ರೈವ್‌ಗೋ ಒಂದು ಪ್ರತಿ ಇಳಿಸಿಕೊಳ್ಳಿ. ಜಗತ್ತಿನ ಹತ್ತರಲ್ಲಿ ನಾಲ್ಕು ಸೈಟ್‌ಗಳು ವರ್ಡ್‌ಪ್ರೆಸ್ ಮೇಲೆ ನಡೆಯುತ್ತವೆ, ನಿಮ್ಮದೂ ಅದೇ ಇರಬಹುದು. ಅದರ ಅಪ್‌ಡೇಟ್‌ಗಳನ್ನು ತಪ್ಪಿಸಬೇಡಿ. ದುಡ್ಡು ಕೊಟ್ಟು ಕೊಳ್ಳಬೇಕಾದ ಥೀಮನ್ನು ಯಾರೋ ‘ಫ್ರೀ’ಯಾಗಿ ಕೊಟ್ಟರೆ ಅದರೊಳಗೆ ಕಳ್ಳಬಾಗಿಲು ಇಟ್ಟಿರುವ ಸಾಧ್ಯತೆ ಹೆಚ್ಚು. ಇನ್ನೊಂದು ಮಾತು, ಫೋನಿನಲ್ಲಿ ತೆಗೆದ ಒಂದು ಫೋಟೊ ನಾಲ್ಕೈದು ಎಂಬಿ ಇರುತ್ತದೆ. ಅಂಥ ಹತ್ತು ಫೋಟೊಗಳನ್ನು ಹಾಗೇ ಹಾಕಿದರೆ ಸಿಗ್ನಲ್ ಸರಿಯಿಲ್ಲದ ಹಳ್ಳಿಯಲ್ಲಿ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಗೆ ಫೋನ್ ಮಾಡಿರುತ್ತಾರೆ. ಇನ್ನೂರು ಕೆಬಿಗೆ ಇಳಿಸಿ ಹಾಕಿ.

ಬೀಗದ ಗುರುತು ಇದ್ದರೆ ಸೈಟ್ ಅಸಲಿಯೇ?

ಅಲ್ಲ. ಇದು ಈಗಲೂ ಫಾರ್ವರ್ಡ್ ಆಗುತ್ತಿರುವ ಹಳೆಯ ಸಲಹೆ. ವಿಳಾಸದ ಪಕ್ಕದ ಬೀಗ ಹೇಳುವುದು ನಿಮ್ಮ ಫೋನಿಗೂ ಆ ಸೈಟ್‌ಗೂ ನಡುವಿನ ಮಾತುಕತೆಯನ್ನು ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂದಷ್ಟೇ. ಆ ಕಡೆ ಕೂತವರು ಕಳ್ಳರೋ ಸಂಭಾವಿತರೋ ಅದು ಹೇಳುವುದಿಲ್ಲ. ಬೀಗಕ್ಕೆ ಬೇಕಾದ ಪ್ರಮಾಣಪತ್ರ ‘ಲೆಟ್ಸ್ ಎನ್‌ಕ್ರಿಪ್ಟ್’ನಂಥ ಸಂಸ್ಥೆಗಳಿಂದ ಉಚಿತವಾಗಿಯೇ ಸಿಗುತ್ತದೆ, ಕಳ್ಳರಿಗೂ ಸಿಗುತ್ತದೆ. ಮೋಸದ ಸೈಟ್‌ಗಳಲ್ಲೂ ಬಹುತೇಕ ಎಲ್ಲವಕ್ಕೂ ಬೀಗ ಇರುತ್ತದೆಂದೇ ಗೂಗಲ್ 2023ರ ಸೆಪ್ಟೆಂಬರ್‌ನಲ್ಲಿ ಕ್ರೋಮ್‌ನಿಂದ ಆ ಚಿತ್ರವನ್ನು ತೆಗೆದು ಬೇರೆ ಗುರುತು ಹಾಕಿತು. ನಿಮ್ಮ ಸೈಟ್‌ಗೆ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ಬ್ರೌಸರ್ ‘ಸುರಕ್ಷಿತವಲ್ಲ’ ಎಂದು ಎಚ್ಚರಿಸುತ್ತದೆ. ಆದರೆ ಅದಕ್ಕೆಂದು ಸಾವಿರಾರು ರೂಪಾಯಿ ಕೇಳಿದರೆ ಚೌಕಾಸಿ ಮಾಡಿ.

ಅಸಲಿ ಯಾವುದು ಎಂದು ತಿಳಿಯಲು ವಿಳಾಸವನ್ನು ಬಲದಿಂದ ಎಡಕ್ಕೆ ಓದಬೇಕು. ಶುರುವಿನ ಎರಡು ಓರೆಗೆರೆಗಳನ್ನು ಬಿಡಿ, ಆಮೇಲೆ ಬರುವ ಮೊದಲ ಒಂಟಿ ಓರೆಗೆರೆಯ ಹತ್ತಿರ ಬೆರಳಿಡಿ, ಅಲ್ಲಿಂದ ಎಡಕ್ಕೆ ಬನ್ನಿ. ‘ಸೇವಾಸಿಂಧು ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂಬಲ್ಲಿ ಕೊನೆಯದು ‘ಗವ್ ಡಾಟ್ ಇನ್’. ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವ ಬಾಲ. ಪಹಣಿ ಸಿಗುವ ‘ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಕೂಡ ಹಾಗೆಯೇ. ಕರ್ನಾಟಕದ ಪಟ್ಟಣಗಳ ಸ್ಥಳೀಯ ಸಂಸ್ಥೆಗಳ ಸೈಟ್‌ಗಳಲ್ಲಿ ಊರಿನ ಹೆಸರಿನ ಬಲಕ್ಕೆ ‘ಎಂಆರ್‌ಸಿ ಡಾಟ್ ಗವ್ ಡಾಟ್ ಇನ್’ ಇರುತ್ತದೆ. ನಮ್ಮ ಜಿಲ್ಲಾಡಳಿತದ್ದು ‘ದಾವಣಗೆರೆ ಡಾಟ್ ನಿಕ್ ಡಾಟ್ ಇನ್’. ಅದೇ ‘ಸೇವಾಸಿಂಧು’ ಆದಮೇಲೆ ಚುಕ್ಕಿಯ ಬದಲು ಅಡ್ಡಗೆರೆ, ಅಡ್ಡಗೆರೆಯ ನಂತರ ‘ಗವ್’, ಕೊನೆಗೆ ‘ಡಾಟ್ ಎಕ್ಸ್‌ವೈಝಡ್’ ಇದ್ದರೆ ಅದು ಯಾರೋ ಅಂಗಡಿಯಲ್ಲಿ ಕೊಂಡ ಹೆಸರು. ‘ಗವ್’ ಎಂಬ ಅಕ್ಷರಗಳು ಎಲ್ಲೋ ನಡುವೆ ಇದ್ದರೆ ಸಾಲದು, ಬಾಲದಲ್ಲಿರಬೇಕು.

ಬ್ಯಾಂಕುಗಳಿಗೂ ಈಗ ಇಂಥದ್ದೇ ಬಾಲ ಬಂದಿದೆ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ‘ಬ್ಯಾಂಕ್ ಡಾಟ್ ಇನ್’ಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತು. ಈ ಹೆಸರನ್ನು ಹೈದರಾಬಾದಿನ ಐಡಿಆರ್‌ಬಿಟಿ ಎಂಬ ಸಂಸ್ಥೆ ಮಾತ್ರ ಕೊಡುತ್ತದೆ, ಅದೂ ಬ್ಯಾಂಕುಗಳಿಗೆ ಮಾತ್ರ. ಸ್ಟೇಟ್ ಬ್ಯಾಂಕಿನದ್ದು ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್’. ಇಲ್ಲೂ ಕಳ್ಳರು ಜಾಣರು. ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಪೂರ್ತಿ ಬರೆದು, ಅದರ ಬಲಕ್ಕೆ ಮತ್ತೊಂದು ಚುಕ್ಕಿ ಇಟ್ಟು ತಮ್ಮ ಡಾಟ್ ಕಾಮ್ ಹೆಸರು ಸೇರಿಸುತ್ತಾರೆ. ಎಡದಿಂದ ಓದಿದರೆ ಬ್ಯಾಂಕು, ಬಲದಿಂದ ಓದಿದರೆ ಕಳ್ಳರು. ವಾಟ್ಸಾಪ್‌ನಲ್ಲಿ ಲಿಂಕಿನ ಜೊತೆ ಕಾಣುವ ಫೋಟೊ, ಲಾಂಛನ, ಶೀರ್ಷಿಕೆಯನ್ನಂತೂ ಸೈಟ್ ಮಾಡಿದವರೇ ಇಟ್ಟಿರುತ್ತಾರೆ. ಮುಖ್ಯಮಂತ್ರಿಗಳ ಫೋಟೊ ಇದ್ದ ಮಾತ್ರಕ್ಕೆ ಅದು ಸರ್ಕಾರದ್ದಲ್ಲ.

ವೆಬ್‌ಸೈಟ್ ಇಟ್ಟುಕೊಂಡವರಿಗೇ ಗುರಿಯಿಟ್ಟು ಬರುವ ಒಂದು ಮೋಸವೂ ಇದೆ. “ನಿಮ್ಮ ಡೊಮೇನ್ ಇಂದು ರದ್ದಾಗಲಿದೆ, ಕೂಡಲೇ ಪಾವತಿಸಿ” ಎಂಬ ಇಮೇಲ್ ಅಥವಾ ಮೆಸೇಜ್. ಗಡುವಿನ ದಿನ ಹೂಈಸ್‌ನಲ್ಲಿ ಎಲ್ಲರಿಗೂ ಕಾಣುವುದರಿಂದ ಅವರು ತಾರೀಖನ್ನು ಸರಿಯಾಗಿಯೇ ಹಾಕಿರುತ್ತಾರೆ, ಅದನ್ನು ನೋಡಿ ಜನ ನಂಬುತ್ತಾರೆ. ಅದರಲ್ಲಿರುವ ಲಿಂಕನ್ನು ಒತ್ತಬೇಡಿ. ನಿಮ್ಮ ರಿಜಿಸ್ಟ್ರಾರ್ ಸೈಟನ್ನು ನೀವೇ ಟೈಪ್ ಮಾಡಿ, ಲಾಗಿನ್ ಆಗಿ, ಬಾಕಿ ಇದ್ದರೆ ಅಲ್ಲೇ ಕಟ್ಟಿ. ಗಡುವು ನಿಜವಾಗಿಯೂ ಮೀರಿ ಹೋಗಿ ಸೈಟ್ ನಿಂತಿದ್ದರೂ ಅದೇ ದಾರಿ. ಡಾಟ್ ಕಾಮ್ ಆದರೆ ರಿಡೆಂಪ್ಶನ್‌ನ 30 ದಿನ ದಾಟುವ ಮುಂಚೆ ರಿಜಿಸ್ಟ್ರಾರ್‌ನ ಸಹಾಯವಾಣಿಗೆ ಫೋನ್ ಮಾಡಿ. ಖಾತೆ ಬೇರೆಯವರ ಹೆಸರಲ್ಲಿದ್ದರೆ ಅವರನ್ನು ಜೊತೆಗೆ ಕೂರಿಸಿಕೊಂಡೇ ಮಾಡಿ, ಒಟಿಪಿ ಬರುವುದು ಅವರ ಫೋನಿಗೆ.